ಸ್ಕೇಲ್ ಒಂದಿದ್ದರೆ ಸಾಕು

ಪ್ರೌಢಶಾಲೆಯ ವಿಜ್ಞಾನದಲ್ಲಿ ಗಾತ್ರ, ಅಳತೆ, ಅಂದಾಜು ಇವಿಷ್ಟಕ್ಕೆಂದೇ ಕೆಲವು ಪೀರಿಯಡ್ ಇಡಬೇಕು ಎಂದಾಗಲೆಲ್ಲ ಶಿಕ್ಷಕ ಮಿತ್ರರ ಆಕ್ಷೇಪಗಳು ಸಾಲುಗಟ್ಟುತ್ತವೆ.

‘ಘಾತಾಂಕ ಗಣಿತದಲ್ಲೇ ಬಂದಿದೆ, ಮತ್ತೇಕೆ?’ ಬಂದಿದೆ, ನಿಜ. ಹತ್ತರ ತಲೆಯ ಮೇಲೆ ಮೈನಸ್ 6 ಹಾಕಲು ಎಲ್ಲರಿಗೂ ಬರುತ್ತದೆ. ಅದೆಷ್ಟು ಚಿಕ್ಕದು ಎಂದು ಕೇಳಿ ನೋಡಿ, ‘ತುಂಬಾ ಚಿಕ್ಕದು ಸಾರ್’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ ಎಂಬ ಒಂದೇ ಕಾರಣಕ್ಕೆ ರಕ್ತಕಣವೂ ಪರಮಾಣುವೂ ಅವರಿಗೆ ಒಂದೇ.

‘ಲ್ಯಾಬೇ ಇಲ್ಲ, ವರ್ನಿಯರ್ ಎಲ್ಲಿಂದ ತರೋಣ?’ ಬೇಡ. 200 ಪುಟದ ನೋಟ್‌ಬುಕ್ ತನ್ನಿ. ರಟ್ಟು ಬಿಟ್ಟು ಹಾಳೆಗಳನ್ನಷ್ಟೇ ಬಿಗಿಯಾಗಿ ಒತ್ತಿ ಹಿಡಿದು ಜಾಮಿಟ್ರಿ ಬಾಕ್ಸಿನ ಸ್ಕೇಲಿನಿಂದ ಅಳೆಯಿರಿ. 8 ಮಿ.ಮೀ. ಬಂತೆನ್ನಿ. ಪುಟ 200 ಆದರೂ ಹಾಳೆ 100 ಮಾತ್ರ (ಇಲ್ಲಿ ಕೆಲವರು ಎಡವುತ್ತಾರೆ, ಎಡವಲಿ ಬಿಡಿ). ಹಾಳೆಯೊಂದಕ್ಕೆ 0.08 ಮಿ.ಮೀ., ಅಂದರೆ 80 ಮೈಕ್ರೋಮೀಟರ್. ಕೆಂಪು ರಕ್ತಕಣದ ಅಗಲ 7–8 ಮೈಕ್ರೋಮೀಟರ್. ಹತ್ತು ಹನ್ನೊಂದು ಕಣ ಸಾಲಾಗಿಟ್ಟರೆ ಹಾಳೆಯ ದಪ್ಪ ತುಂಬಿತು. ಪರಮಾಣುಗಳಾದರೆ ಲಕ್ಷಗಟ್ಟಲೆ ಬೇಕು. 0.1 ಮಿ.ಮೀ. ತನಕ ಮಾತ್ರ ಓದಬಲ್ಲ ಸಾಧಾರಣ ವರ್ನಿಯರ್‌ಗೆ ಒಂಟಿ ಹಾಳೆ ಕೊಟ್ಟಿದ್ದರೆ ಅದೂ ಕೈಚೆಲ್ಲುತ್ತಿತ್ತು.

‘ಪುಸ್ತಕದಲ್ಲಿ ಚಿತ್ರಗಳಿವೆಯಲ್ಲ?’ ಇವೆ. ಗ್ರಹಣದ ಚಿತ್ರದಲ್ಲಿ ಚಂದ್ರ ಭೂಮಿಯ ಮಗ್ಗುಲಲ್ಲೇ ಇರುತ್ತಾನೆ. ಭೂಮಿಯನ್ನು 1 ಸೆಂ.ಮೀ. ಬರೆದರೆ ಚಂದ್ರನನ್ನು 30 ಸೆಂ.ಮೀ. ಆಚೆ ಬರೆಯಬೇಕು, ಸೂರ್ಯನನ್ನು 115 ಮೀಟರಿಗೂ ದೂರ, ಎಷ್ಟೋ ಶಾಲೆಗಳಲ್ಲಿ ಕಾಂಪೌಂಡಿನಾಚೆ. ಪುಟಕ್ಕೆ ಹಿಡಿಸದ್ದು ತಪ್ಪಲ್ಲ. ಹಿಡಿಸಿಲ್ಲ ಎಂದು ಮಕ್ಕಳಿಗೆ ಯಾರೂ ಹೇಳದಿರುವುದು ತಪ್ಪು.

ಕೊನೆಯದು ಪ್ರಾಮಾಣಿಕ ಆಕ್ಷೇಪ: ‘ಎಸ್ಸೆಸ್ಸೆಲ್ಸಿಯಲ್ಲಿ ಇದನ್ನು ಕೇಳುವುದಿಲ್ಲ, ಪೋರ್ಷನ್ ಮುಗಿಯುವುದಿಲ್ಲ.’ ಆದರೆ ಪೀನ ಮಸೂರದ ಲೆಕ್ಕದಲ್ಲಿ ಸಂಗಮದೂರ 20 ಸೆಂ.ಮೀ. ಬರಬೇಕಾದಲ್ಲಿ 20 ಮೀಟರ್ ಎಂದು ಬರೆದು ನೆಮ್ಮದಿಯಾಗಿ ಮುಂದಿನ ಪ್ರಶ್ನೆಗೆ ಹೋಗುವ ಹುಡುಗ ಅಂಕ ಕಳೆದುಕೊಳ್ಳುವುದು ಅದೇ ಪರೀಕ್ಷೆಯಲ್ಲಿ. ಕಿಟಕಿಯಾಚೆಯ ಮರದ ಬಿಂಬವನ್ನು ಮಸೂರ ಹಿಡಿದು ಎದುರಿನ ಗೋಡೆಯ ಮೇಲೆ ಮೂಡಿಸಿ, ಗೋಡೆಗೂ ಮಸೂರಕ್ಕೂ ನಡುವೆ ಒಮ್ಮೆ ಸ್ಕೇಲ್ ಇಟ್ಟು ನೋಡಿದ್ದರೆ, ‘ಮೀಟರ್’ ಎಂದು ಬರೆಯುವಾಗ ಅವನಿಗೇ ಅನುಮಾನ ಬರುತ್ತಿತ್ತು. ಇದಕ್ಕೆಲ್ಲ ಮೂರು ಪೀರಿಯಡ್ ಸಾಕು. ಜೂನಿನಲ್ಲೇ, ಪೋರ್ಷನ್ನಿನ ಗಾಬರಿ ಶುರುವಾಗುವ ಮುಂಚೆ ಮುಗಿಸಿಬಿಡಬಹುದು.