ಮುಸುರೆ ಬಕೆಟ್ಟಿನ ಲೆಕ್ಕ

ಬಿಸಿಯೂಟದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ. ಮೊಟ್ಟೆ ಕೊಡಬೇಕಾ ಬೇಡವಾ, ಈರುಳ್ಳಿ ಹಾಕಬೇಕಾ ಬೇಡವಾ, ಹಾಲಿಗೆ ರಾಗಿ ಮಾಲ್ಟ್ ಬೆರೆಸಬೇಕಾ... ಎರಡು ಮೂರು ವರ್ಷಕ್ಕೊಮ್ಮೆ ಈ ಜಗಳ ಏಳುತ್ತೆ. ಮಂತ್ರಿಗಳು, ಸ್ವಾಮೀಜಿಗಳು, ಡಾಕ್ಟರುಗಳು ಎಲ್ಲರೂ ಟಿವಿಯಲ್ಲಿ ಮಾತಾಡುತ್ತಾರೆ. ತಟ್ಟೆ ಮುಂದೆ ಕೂತ ಮಗುವನ್ನು ಮಾತ್ರ ಯಾರೂ ಕೇಳುವುದಿಲ್ಲ. ಆದರೆ ಆ ಮಗು ದಿನಾ ತನ್ನ ಅಭಿಪ್ರಾಯ ಹೇಳುತ್ತಲೇ ಇರುತ್ತೆ. ಎಲ್ಲಿ ಗೊತ್ತಾ? ಕೈತೊಳೆಯೋ ನಲ್ಲಿ ಪಕ್ಕದಲ್ಲಿಟ್ಟ ಮುಸುರೆ ಬಕೆಟ್ಟಿನಲ್ಲಿ. ಬೇಡ ಅನ್ನಿಸಿದ್ದನ್ನು ಅಲ್ಲಿ ಸುರಿದು, ತಟ್ಟೆ ತೊಳೆದು, ಆಟಕ್ಕೆ ಓಡುತ್ತೆ.

ಆ ಬಕೆಟ್ಟನ್ನು ತೂಕ ಮಾಡಬೇಕು ಅನ್ನೋದು ನನ್ನ ವಾದ. ಇಷ್ಟೇ. ಹುಚ್ಚು ಅನ್ನಿಸಿದರೂ ಸ್ವಲ್ಪ ಪೂರ್ತಿ ಓದಿ.

ಮೊದಲೇ ಹೇಳಿಬಿಡ್ತೀನಿ, ಬಿಸಿಯೂಟವನ್ನು ಹಳಿಯೋಕೆ ಬರೆದದ್ದಲ್ಲ ಇದು. ನಾನೇ ಸರ್ಕಾರಿ ಶಾಲೆಯಲ್ಲಿ ಆ ಊಟ ಉಂಡು ಬೆಳೆದವನು. ಕೇಂದ್ರ ಸರ್ಕಾರ 1995ರಲ್ಲಿ ಯೋಜನೆ ಶುರು ಮಾಡಿದಾಗ ಎಷ್ಟೋ ರಾಜ್ಯಗಳಲ್ಲಿ ಮಕ್ಕಳಿಗೆ ಸಿಗುತ್ತಿದ್ದದ್ದು ಹಸಿ ಧಾನ್ಯ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಿ ಅಂತ ಆದೇಶ ಮಾಡಿತು. ನಮ್ಮಲ್ಲಿ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಬೆಳಿಗ್ಗೆ ಏನೂ ತಿನ್ನದೆ ಬರುತ್ತಿದ್ದ ಮಕ್ಕಳು ಮಧ್ಯಾಹ್ನ ಒಂದೇ ಸಾಲಿನಲ್ಲಿ ಕೂತು ಉಣ್ಣೋದು ಸಣ್ಣ ಸಾಧನೆ ಅಲ್ಲ. ಕಂಪನಿಯ ಕ್ಯಾಂಟೀನಿನಲ್ಲಿ ಕೂತು ಇದನ್ನು ಟೀಕಿಸೋದು ಸುಲಭ ಅಂತ ನನಗೂ ಗೊತ್ತು.

ಆದರೆ ಇಷ್ಟು ವರ್ಷ ಆದ ಮೇಲೂ ನಾವು ಲೆಕ್ಕ ಇಡ್ತಿರೋದು ಏನನ್ನ? ಎಷ್ಟು ಅಕ್ಕಿ ಬಂತು, ಎಷ್ಟು ಬೇಳೆ ಬಂತು, ಎಷ್ಟು ಮಕ್ಕಳಿಗೆ ಬಡಿಸಲಾಯಿತು. ಸ್ಟಾಕ್ ಪುಸ್ತಕ ಇದೆ, ಹಾಜರಾತಿ ಇದೆ. ಊಟ ಬಡಿಸುವ ಮುಂಚೆ ಶಿಕ್ಷಕರೊಬ್ಬರು ರುಚಿ ನೋಡಿ ಸಹಿ ಹಾಕುವ ಪುಸ್ತಕವೂ ಇದೆ. ಉಂಡ ಮಕ್ಕಳ ಸಂಖ್ಯೆಯನ್ನು ದಿನಾ ಮೊಬೈಲಿನಲ್ಲೇ ಕಳಿಸುವ ವ್ಯವಸ್ಥೆಯೂ ಬಂದಿದೆ. ಎಲ್ಲವೂ ತಟ್ಟೆಯವರೆಗಿನ ಲೆಕ್ಕ. ತಟ್ಟೆಯಿಂದ ಹೊಟ್ಟೆಗೆ ಎಷ್ಟು ಹೋಯಿತು ಅನ್ನೋದಕ್ಕೆ ಒಂದು ಕಾಲಂ ಕೂಡ ಇಲ್ಲ. ನಾವು ಸಾಫ್ಟ್‌ವೇರಿನವರು ಇಂಥದ್ದನ್ನು ದಿನಾ ನೋಡ್ತೀವಿ. ಸರ್ವರ್ ಮೆಸೇಜ್ ಕಳಿಸಿದೆ ಅಂತ ಲಾಗ್‌ನಲ್ಲಿ ಇರುತ್ತೆ, ಆ ಕಡೆ ತಲುಪಿದೆಯಾ ಅಂತ ಯಾರೂ ನೋಡಿರಲ್ಲ!

ಇದು ಯಾಕೆ ಮುಖ್ಯ ಅಂತ ಒಂದು ಸಣ್ಣ ಲೆಕ್ಕದಲ್ಲಿ ಹೇಳ್ತೀನಿ. 1ರಿಂದ 5ನೇ ಕ್ಲಾಸಿನ ಒಂದು ಮಗುವಿಗೆ ನಿಯಮದ ಪ್ರಕಾರ ದಿನಕ್ಕೆ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಇದರಿಂದ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. ಆ 12ರಲ್ಲಿ ಸುಮಾರು 7 ಗ್ರಾಂ ಬರೋದು ಅಕ್ಕಿಯಿಂದ, ನಾಲ್ಕೂವರೆ ಗ್ರಾಂನಷ್ಟು ಬೇಳೆಯಿಂದ. ಈಗ ಮಗು ಅನ್ನವನ್ನು ಸಾರಿನ ತಿಳಿಯಲ್ಲಿ ಕಲಸಿ ಉಂಡು, ತಳದ ಬೇಳೆಯನ್ನೂ ತರಕಾರಿ ಹೋಳುಗಳನ್ನೂ ಬಕೆಟ್ಟಿಗೆ ಸುರಿಯಿತು ಅಂದುಕೊಳ್ಳಿ. ಪ್ರೋಟೀನಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. ತರಕಾರಿಯ 50 ಗ್ರಾಂ ಪೂರ್ತಿ ಹೋಯಿತು. ಪುಸ್ತಕದಲ್ಲಿ ಮಾತ್ರ ಆ ಮಗು 12 ಗ್ರಾಂ ಪ್ರೋಟೀನ್ ತಿಂದಿದೆ.

ನಾವು ಚಿಕ್ಕವರಿದ್ದಾಗ ಬದನೆಕಾಯಿ ಹೋಳುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿಡುತ್ತಿದ್ದೆವು. ಯಾರ ಸಾಲು ಉದ್ದ ಅಂತ ಪಂದ್ಯ ಬೇರೆ :) ಮನೆಯಲ್ಲಾದರೆ ಅಮ್ಮ ಅದನ್ನು ನೋಡಿ ಮಾರನೇ ದಿನ ಬದನೆಕಾಯಿಯನ್ನು ಸುಟ್ಟು ಗೊಜ್ಜು ಮಾಡುತ್ತಿದ್ದಳು. ಶಾಲೆಯಲ್ಲಿ ಎಲ್ಲರೂ ನೋಡುತ್ತಿದ್ದರು, ಮಾರನೇ ವಾರ ಮತ್ತೆ ಅದೇ ಹೋಳು ಬರುತ್ತಿತ್ತು. ನೋಡಿದ್ದನ್ನು ಅಡುಗೆಮನೆಗೆ ತಲುಪಿಸುವ ದಾರಿಯೇ ಇರಲಿಲ್ಲ.

2018-19ರ ಈರುಳ್ಳಿ-ಬೆಳ್ಳುಳ್ಳಿ ಗಲಾಟೆ ನೆನಪಿದೆಯಾ? ಇಸ್ಕಾನಿನ ಅಕ್ಷಯಪಾತ್ರೆ ಅಡುಗೆಯಲ್ಲಿ ಅವೆರಡನ್ನೂ ಹಾಕೋದಿಲ್ಲ, ಅದರಿಂದ ಮಕ್ಕಳಿಗೆ ರುಚಿಸೋದಿಲ್ಲ, ಅರ್ಧಕ್ಕೇ ಬಿಡ್ತಾರೆ ಅಂತ ಒಂದು ಕಡೆಯವರ ವಾದ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ ನೋಡಿ, ಊಟ ನಿಯಮದ ಪ್ರಮಾಣಕ್ಕೆ ತಕ್ಕಂತಿದೆ ಅಂದಿತು. ಇದನ್ನು ಒಪ್ಪದ ತಜ್ಞರೂ ಇದ್ದರು. ನನಗೆ ಆಗ ಅನ್ನಿಸಿದ್ದು ಇಷ್ಟು. ಒಂದು ಕಡೆ ಪಾತ್ರೆಯೊಳಗಿನ ಪೋಷಕಾಂಶದ ಮಾತು, ಇನ್ನೊಂದು ಕಡೆ ಬಕೆಟ್ಟಿನೊಳಗಿನ ಊಟದ ಮಾತು. ಎಲ್ಲ ಶಾಲೆಗಳಲ್ಲೂ ಬಿಟ್ಟ ಊಟದ ತೂಕ ಬರೆದಿಟ್ಟಿದ್ದರೆ, ಇಸ್ಕಾನಿನಿಂದ ಊಟ ಬರುವ ಶಾಲೆಗೂ ಅಲ್ಲೇ ಅಡುಗೆ ಮಾಡುವ ಶಾಲೆಗೂ ಹೋಲಿಸಿ ನೋಡಿ ಒಂದೇ ವಾರದಲ್ಲಿ ಇತ್ಯರ್ಥ ಮಾಡಬಹುದಿತ್ತು. ಲೆಕ್ಕ ಇಲ್ಲದ್ದರಿಂದ ಆಹಾರದ ಪ್ರಶ್ನೆ ಧರ್ಮದ ಪ್ರಶ್ನೆಯಾಗಿ, ತಿಂಗಳುಗಟ್ಟಲೆ ನಡೆಯಿತು.

2021ರ ಡಿಸೆಂಬರಿನಲ್ಲಿ ಮೊಟ್ಟೆಯ ಸರದಿ. ಅಪೌಷ್ಟಿಕತೆ ಹೆಚ್ಚಿರುವ ಉತ್ತರದ ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಆಗ ಗಂಗಾವತಿಯ ಒಬ್ಬ ವಿದ್ಯಾರ್ಥಿನಿ ಕ್ಯಾಮೆರಾ ಮುಂದೆ ನಿಂತು, ನಮಗೆ ಮೊಟ್ಟೆ ಬೇಕು, ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿಂತೀವಿ ಅನ್ನೋ ಅರ್ಥದಲ್ಲಿ ಸಿಟ್ಟಿನಿಂದ ಮಾತಾಡಿದ ವಿಡಿಯೋ ಎಲ್ಲ ಕಡೆ ಓಡಾಡಿತು. ಅಷ್ಟು ದಿನದ ಚರ್ಚೆಯಲ್ಲಿ ಉಣ್ಣುವವರ ದನಿ ಕೇಳಿಸಿದ್ದು ಅದೊಂದೇ ಸಲ ಅಂತ ನನ್ನ ಭಾವನೆ. ಆಮೇಲೆ ಮೊಟ್ಟೆ ಬೇರೆ ಜಿಲ್ಲೆಗಳಿಗೂ ಬಂತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಲ್ಲಿ ಅದು ವಾರಕ್ಕೆ ಆರು ದಿನ ಆಯಿತು. ತಿನ್ನದವರಿಗೆ ಆಗ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುತ್ತಿದ್ದರು. ಇದರಲ್ಲಿ ನನಗೆ ಹಿಡಿಸಿದ್ದು ಆ 'ಅಥವಾ'. ಮಗುವಿಗೆ ಆಯ್ಕೆ ಸಿಕ್ಕಿತು. ಅನ್ನ-ಸಾರಿನ ವಿಷಯದಲ್ಲಿ ಇನ್ನೂ ಸಿಕ್ಕಿಲ್ಲ.

ಸರಿ, ಏನು ಮಾಡಬಹುದು? ದೊಡ್ಡ ಖರ್ಚಿನದು ಯಾವುದೂ ಬೇಡ.

ಒಂದು, ವಾರಕ್ಕೆರಡು ದಿನ ಬಿಟ್ಟ ಊಟವನ್ನು ತೂಗೋದು. ಎರಡು ಬಕೆಟ್ ಇಟ್ಟರೆ ಸಾಕು. ಒಂದರಲ್ಲಿ ಅನ್ನ, ಇನ್ನೊಂದರಲ್ಲಿ ಬೇಳೆ-ತರಕಾರಿ. ಆರು-ಏಳನೇ ಕ್ಲಾಸಿನ ಮಕ್ಕಳೇ ತೂಕ ಮಾಡಿ ಬೋರ್ಡಿನ ಮೇಲೆ ಬರೆಯಲಿ. ಗಣಿತದ ಪಾಠವೂ ಆಯಿತು.

ಎರಡು, ಮೊದಲು ಕಡಿಮೆ ಬಡಿಸಿ, ಎರಡನೇ ಸಲ ಖಂಡಿತ ಬಡಿಸೋದು. ಮತ್ತೆ ಸಿಗುತ್ತೋ ಇಲ್ಲವೋ ಅನ್ನೋ ಭಯ ಇದ್ದರೆ ಮಕ್ಕಳು ಒಂದೇ ಸಲಕ್ಕೆ ತಟ್ಟೆ ತುಂಬಿಸಿಕೊಂಡು, ಕೊನೆಗೆ ಚೆಲ್ಲುತ್ತಾರೆ. ನಮ್ಮ ಮದುವೆ ಮನೆಗಳಲ್ಲಿ ಆಗೋದೂ ಅದೇ.

ಮೂರು, ಊಟಕ್ಕೆ ಬೇಕಾದಷ್ಟು ಹೊತ್ತು ಕೊಡೋದು. ನಲ್ಲಿ ಎರಡೇ ಇದ್ದು ಮಕ್ಕಳು ಇನ್ನೂರಿದ್ದರೆ ಅರ್ಧ ಹೊತ್ತು ಕೈತೊಳೆಯುವ ಸಾಲಿಗೇ ಹೋಗುತ್ತೆ. ಆಮೇಲೆ ಗಬಗಬ ತಿಂದು ಎದ್ದರೆ ತರಕಾರಿ ಯಾರು ಅಗಿಯುತ್ತಾರೆ? ದೊಡ್ಡ ಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನೂ ಊಟವಾದ ಮೇಲೇ ನುಂಗಬೇಕು. ಸರಿಯಾಗಿ ಉಣ್ಣದೆ ನುಂಗಿದರೆ ಹೊಟ್ಟೆ ತೊಳಸುತ್ತೆ. ಆಮೇಲೆ ಮಾತ್ರೆಯೂ ಕಿಟಕಿಯಾಚೆ ಹೋಗುತ್ತೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಆ ತೂಕದ ಚೀಟಿಯನ್ನು ಮೊದಲು ಅಡುಗೆಯವರ ಕೈಗೆ ಕೊಟ್ಟು, ಅವರ ಮಾತು ಕೇಳೋದು. ನಮ್ಮೂರ ಶಾಲೆಯಲ್ಲಿ ಅಡುಗೆ ಮಾಡುವ ಅಕ್ಕನನ್ನು ಹೋದ ಸಲ ಊರಿಗೆ ಹೋದಾಗ ಮಾತಾಡಿಸಿದ್ದೆ. ಯಾವ ತರಕಾರಿ ಬಕೆಟ್ಟಿಗೆ ಬೀಳುತ್ತೆ, ಯಾವ ಸೊಪ್ಪನ್ನು ಸಣ್ಣಗೆ ಹೆಚ್ಚಿ ಬೇಳೆ ಜೊತೆ ಮಸೆದರೆ ಮಕ್ಕಳಿಗೆ ಗೊತ್ತೇ ಆಗದೆ ಹೊಟ್ಟೆಗೆ ಹೋಗುತ್ತೆ, ಎಲ್ಲವೂ ಅವರಿಗೆ ಬಾಯಿಪಾಠ. ನುಗ್ಗೆಸೊಪ್ಪು ಊರ ತುಂಬ ಇದೆ, ತಂದುಕೊಡುವವರು ಬೇಕು ಅಂದರು. ಇದನ್ನು ನಿಮ್ಮ ಹತ್ತಿರ ಯಾರಾದರೂ ಕೇಳಿದ್ದಾರಾ ಅಂದೆ. ನಕ್ಕುಬಿಟ್ಟರು.

ಯಾಕೆ ನಕ್ಕರು ಅಂತ ಅರ್ಥ ಆಗಬೇಕಾದರೆ ಅವರ ಸಂಬಳ ನೋಡಬೇಕು. ಸಂಬಳ ಅನ್ನೋ ಹಾಗೂ ಇಲ್ಲ, ಅದಕ್ಕೆ 'ಗೌರವಧನ' ಅಂತ ಹೆಸರು. ಕೇಂದ್ರ 2009ರಲ್ಲಿ ಗೊತ್ತು ಮಾಡಿದ್ದು ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು ಮಾತ್ರ. ನಮ್ಮ ರಾಜ್ಯ ತನ್ನ ಕಡೆಯಿಂದ ಸೇರಿಸಿ ಹೆಚ್ಚು ಕೊಡುತ್ತೆ, ನಿಜ. ಆದರೂ ಆ ಹೆಂಗಸರು ಬೆಂಗಳೂರಿಗೆ ಬಂದು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರುವುದು ತಪ್ಪಿಲ್ಲ. ನೂರು ಮಕ್ಕಳಿರುವ ಶಾಲೆಗೆ ಇಬ್ಬರು ಅಡುಗೆಯವರು. ಅಕ್ಕಿ ಆರಿಸೋದು, ತರಕಾರಿ ಹೆಚ್ಚೋದು, ಬೇಯಿಸೋದು, ಬಡಿಸೋದು, ಪಾತ್ರೆ ಬೆಳಗೋದು ಎಲ್ಲ ಅವರೇ. ತರಕಾರಿಯನ್ನು ಸಣ್ಣಗೆ ಹೆಚ್ಚಿ ಅಂತ ಸುತ್ತೋಲೆ ಬರೆಯೋದು ಸುಲಭ. ಹೆಚ್ಚೋ ಕೈಗಳು ನಾಲ್ಕೇ ಇವೆ. ಮಕ್ಕಳ ಆರೋಗ್ಯ ನಿಂತಿರೋದು ಆ ಕೈಗಳ ಮೇಲೆ. ಅದಕ್ಕೇ ಊಟ ಸುಧಾರಿಸೋಕೆ ಹೊಸ ದುಡ್ಡೇನಾದರೂ ಬಂದರೆ ಅದರ ಮೊದಲ ಪಾಲು ಅವರಿಗೆ ಹೋಗಬೇಕು.

ಒಂದು ಆಕ್ಷೇಪಣೆ ನನಗೇ ಹೊಳೆಯುತ್ತೆ. ಮೇಷ್ಟ್ರುಗಳಿಗೆ ಈಗಲೇ ನೂರೆಂಟು ದಾಖಲೆ, ಇದೊಂದು ಬೇರೆ ಯಾಕೆ? ನ್ಯಾಯವಾದ ಮಾತು. ಹಾಗಾಗಿ ಈ ಲೆಕ್ಕ ಶಾಲೆಯ ಬೋರ್ಡಿನ ಮೇಲೆ, ಎಸ್‌ಡಿಎಂಸಿ ಸಭೆಯಲ್ಲಿ ಇದ್ದರೆ ಸಾಕು, ಮೇಲಿನ ಆಫೀಸಿಗೆ ಹೋಗೋದೇ ಬೇಡ ಅಂತೀನಿ. ಮೇಲಕ್ಕೆ ಹೋಯಿತು ಅಂದರೆ ಯಾರೋ ಅದರಿಂದ ಶಾಲೆಗಳಿಗೆ ರ‍್ಯಾಂಕ್ ಕೊಡ್ತಾರೆ, ಯಾರಿಗೋ ನೋಟಿಸ್ ಹೋಗುತ್ತೆ, ಮಾರನೇ ದಿನದಿಂದ ಎಲ್ಲ ಶಾಲೆಯ ಬಕೆಟ್ಟಿನ ತೂಕವೂ ಸೊನ್ನೆ! ನಮ್ಮ ಕಡೆ ತಿಂಗಳಿಗೆ ಎಷ್ಟು ಟಿಕೆಟ್ ಕ್ಲೋಸ್ ಮಾಡಿದಿರಿ ಅಂತ ಎಣಿಸೋಕೆ ಶುರು ಮಾಡಿದರೆ, ಸಮಸ್ಯೆ ಬಗೆಹರಿಯದಿದ್ದರೂ ಟಿಕೆಟ್ ಕ್ಲೋಸ್ ಆಗುತ್ತಲ್ಲ, ಹಾಗೆ.

ಇನ್ನೊಂದು ಎಚ್ಚರ. ಬಕೆಟ್ ಖಾಲಿ ಇದ್ದರೆ ಎಲ್ಲ ಚೆನ್ನಾಗಿದೆ ಅಂತಲ್ಲ. ಸಾಲಲಿಲ್ಲ ಅಂತಲೂ ಇರಬಹುದು. ಹಸಿದ ಮಗು ಬದನೆಕಾಯಿಯ ತೊಟ್ಟನ್ನೂ ಬಿಡುವುದಿಲ್ಲ. ಅದಕ್ಕೇ ತೂಕದ ಪಕ್ಕದಲ್ಲೇ ಇನ್ನೊಂದು ಸಂಖ್ಯೆ ಬರೆಯಬೇಕು. ಇವತ್ತು ಎಷ್ಟು ಮಕ್ಕಳು ಇನ್ನೊಮ್ಮೆ ಕೇಳಿದರು, ಎಷ್ಟು ಜನಕ್ಕೆ ಸಿಗಲಿಲ್ಲ.

2025ರ ಮೇ ತಿಂಗಳಿನಿಂದ ಕೇಂದ್ರ ನಿಗದಿ ಮಾಡಿದ ಪ್ರಕಾರ ಒಂದು ಮಗುವಿನ ಊಟಕ್ಕೆ ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಗ್ಯಾಸು ಎಲ್ಲ ಸೇರಿ ಸಣ್ಣ ಕ್ಲಾಸಿಗೆ 6 ರೂಪಾಯಿ 78 ಪೈಸೆ, ದೊಡ್ಡ ಕ್ಲಾಸಿಗೆ 10 ರೂಪಾಯಿ 17 ಪೈಸೆ. ಅಕ್ಕಿ ಬೇರೆ ಬರುತ್ತೆ. ಬೆಂಗಳೂರಿನ ದರ್ಶಿನಿಯಲ್ಲಿ ಈ ದುಡ್ಡಿಗೆ ಒಂದು ಕಾಫಿ ಬರುವುದಿಲ್ಲ. ಇಷ್ಟು ಕಡಿಮೆ ದುಡ್ಡಿನಲ್ಲಿ ಮಾಡಿದ ಊಟದ ಒಂದೊಂದು ತುತ್ತೂ ಮಗುವಿನ ಹೊಟ್ಟೆಗೇ ಹೋಗಬೇಕು. ಹೋಗದಿದ್ದರೆ ಯಾಕೆ ಹೋಗಲಿಲ್ಲ ಅಂತ ನಮಗೆ ಗೊತ್ತಾಗಬೇಕು.

ನಮ್ಮಲ್ಲಿ ಸುಮಾರು ಜನ ಊರು ಬಿಟ್ಟು ಬಂದವರೇ. ಮುಂದಿನ ಸಲ ಊರಿಗೆ ಹೋದಾಗ ಮಧ್ಯಾಹ್ನದ ಹೊತ್ತಿಗೆ, ಹೆಡ್ ಮೇಷ್ಟ್ರನ್ನು ಕೇಳಿಕೊಂಡು, ಒಮ್ಮೆ ಶಾಲೆಯ ಕಡೆ ಹೋಗಿ ಬನ್ನಿ. ಪುಸ್ತಕಗಳನ್ನು ನೋಡಬೇಡಿ, ಅವು ಸರಿಯಾಗೇ ಇರುತ್ತವೆ. ನಲ್ಲಿ ಹತ್ತಿರ ಐದು ನಿಮಿಷ ನಿಂತುಕೊಳ್ಳಿ. ಆಮೇಲೆ ಅಡುಗೆಯವರ ಹತ್ತಿರ ಹತ್ತು ನಿಮಿಷ ಕೂತು ಮಾತಾಡಿ. ಏನು ಕಂಡಿರಿ ಅಂತ ನನಗೂ ಹೇಳಿ.