ಹಳೆಯ ಟ್ರಕ್ಕಿಗೆ ಹೊಸ ಹೊಗೆಗೊಳವೆ

ಅಮೆರಿಕದಲ್ಲಿ ನೆಲೆಸಿರುವ ನಮ್ಮ ವಾಚಕರೊಬ್ಬರು ದೀರ್ಘವಾದ ಕಾಗದವೊಂದನ್ನು ಬರೆದಿರುವರು. ಅವರಲ್ಲಿ 1968ನೆಯ ಇಸವಿಯ ಷೆವರ್ಲೆ ಸಿ-10 ಪಿಕಪ್ ಟ್ರಕ್ಕೊಂದು ಉಂಟು. ಅದರ ಎಂಜಿನ್ನಿನಿಂದ ಹೊಗೆಯನ್ನು ಹೊರಗೊಯ್ಯುವ ಎರಕದ ಕಬ್ಬಿಣದ ಮ್ಯಾನಿಫೋಲ್ಡು ಸೀಳಿಹೋಗಿದೆ. ಅದಕ್ಕೆ ಬದಲಾಗಿ ತರಿಸಿದ ಉಕ್ಕಿನ ಕೊಳವೆಯ ಹೆಡರುಗಳು ಎರಡು ಬಾರಿಯೂ ಹೊಂದಲಿಲ್ಲವಂತೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನವೂ ಶಾಲೆಗೆ ಹೋಗುತ್ತಿರುವುದಾಗಿ ತಿಳಿಸಿ, ಸರಿಯಾದ ಹೆಡರು ಸಿಕ್ಕುವವರೆಗೆ ಹೀಗೆಯೇ ಓಡಿಸಬಹುದೆ ಎಂದು ಕೇಳಿರುವರು.

ಕಡೆಯ ಪ್ರಶ್ನೆಗೆ ಮೊದಲು ಉತ್ತರ: ಕೂಡದು. ಸೀಳಿನಿಂದ ಸೋರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಳೆಯ ಗಾಡಿಯ ತಗಡಿನಲ್ಲಿ ರಂಧ್ರಗಳಿಗೇನು ಕೊರತೆ? ಒಳಹೊಕ್ಕರೆ ತಲೆನೋವು, ವಾಕರಿಕೆ, ಮಂಪರು. ಆಮೇಲಿನದನ್ನು ಬರೆಯಲು ನಮಗೆ ಮನಸ್ಸಿಲ್ಲ. ಕಿಟಕಿ ತೆರೆದಿದ್ದರೆ ಸಾಕೆಂಬ ನಂಬಿಕೆ ಸಲ್ಲದು.

ಇನ್ನು ಹೊಂದದಿರುವ ಮಾತು. ಷೆವರ್ಲೆಯ ಚಿಕ್ಕ ವಿ-8 ಎಂಜಿನ್ನು 1955ರಲ್ಲಿ 265 ಘನ ಅಂಗುಲದ್ದಾಗಿ ಹೊರಬಂದಿತು. ಮುಂದೆ 350ರವರೆಗೂ, ಅದಕ್ಕೂ ಮೇಲೆಯೂ ಬೆಳೆದರೂ ಬೋಲ್ಟುಗಳ ಏರ್ಪಾಡು ಬಹುಮಟ್ಟಿಗೆ ಒಂದೇ ಆಗಿ ಉಳಿಯಿತು. ಆದಕಾರಣ "ಚಿಕ್ಕ ಷೆವರ್ಲೆಗೆ ಸರಿ" ಎಂದು ಮಾರಿದವನು ಸುಳ್ಳಾಡಿದನೆನ್ನಲಾಗದು, ಎಂಜಿನ್ನಿಗೆ ಸರಿಯೇ! ಆದರೆ ಕಾರಿಗೆಂದು ಬಗ್ಗಿಸಿದ ಕೊಳವೆಯು ಟ್ರಕ್ಕಿನ ಚೌಕಟ್ಟಿಗೋ ಸ್ಟಿಯರಿಂಗ್ ಪೆಟ್ಟಿಗೆಗೋ ಸ್ಟಾರ್ಟರ್ ಮೋಟಾರಿಗೋ ತಗಲುವುದು. ಕೈಯಿಂದ ಗೇರು ಹಾಕುವ ಗಾಡಿಯಾದರೆ ಕ್ಲಚ್ಚಿನ ಸಲಾಕೆಯೂ ಅಡ್ಡ ಬಂದೀತು. ಆದುದರಿಂದ ಇಸವಿಯನ್ನು ಮಾತ್ರವಲ್ಲದೆ ಪವರ್ ಸ್ಟಿಯರಿಂಗ್ ಇದೆಯೋ ಇಲ್ಲವೋ, ಗೇರು ಯಾವ ಬಗೆಯದು, ಎರಡು ಚಕ್ರದ ಚಾಲನೆಯೋ ನಾಲ್ಕು ಚಕ್ರದ್ದೋ ಎಂಬುದೆಲ್ಲವನ್ನೂ ಬರೆದು ಕೇಳತಕ್ಕದ್ದು. ಇಷ್ಟು ವರ್ಷಗಳಲ್ಲಿ ಯಾರೋ ಎಂಜಿನ್ನನ್ನೇ ಬದಲಿಸಿರಲೂಬಹುದು. ಬಲಬದಿಯ ಸಿಲಿಂಡರ್ ಹೆಡ್ಡಿನ ಮುಂದುಗಡೆ, ಬ್ಲಾಕಿನ ಮೇಲೆ ಒತ್ತಿರುವ ಅಂಕಿಗಳನ್ನು ಒರೆಸಿ ಓದಲಿ. ಸ್ಪಾರ್ಕ್ ಪ್ಲಗ್ಗುಗಳು ನೇರವಾಗಿವೆಯೋ ಓರೆಯಾಗಿವೆಯೋ ಎಂಬುದನ್ನೂ ನೋಡಲಿ. ಒಂದಕ್ಕೆ ಮಾಡಿದ ಹೆಡರು ಇನ್ನೊಂದರಲ್ಲಿ ಪ್ಲಗ್ಗಿನ ತಂತಿಯನ್ನು ಸುಟ್ಟೀತು.

ಆದರೆ ಹೆಡರೇ ಏಕೆ ಬೇಕು? ಪಂದ್ಯಕ್ಕಾದರೆ ಅದು ಒಳ್ಳೆಯದು. ಮಗಳ ಶಾಲೆಗೆ ಬೇಡ. ಟಗರಿನ ಕೊಂಬಿನಂತೆ ಬಾಗಿದ, ನಡುವಿನಿಂದ ಕೆಳಗಿಳಿಯುವ ಎರಕದ ಮ್ಯಾನಿಫೋಲ್ಡೊಂದು ಈ ಎಂಜಿನ್ನಿಗೆ ಉಂಟು. ಅಮೆರಿಕದವರು ಅದನ್ನು ಕರೆಯುವುದೂ ಟಗರುಗೊಂಬೆಂದೇ. ಸದ್ದು ಕಡಮೆ, ಬಾಳಿಕೆ ಹೆಚ್ಚು, ಹೊಸದಾಗಿ ಎರಕ ಹೊಯ್ದವೂ ದೊರೆಯುತ್ತವೆ. ಅದರ ಬಾಯಿ 2 ಅಂಗುಲದ್ದೋ 2½ ಅಂಗುಲದ್ದೋ ಎಂದು ಅಳೆದು, ಕೆಳಗಿನ ಕೊಳವೆಗೆ ಸರಿಹೋಗುವುದನ್ನೇ ಕೊಳ್ಳಲಿ. ಹಳೆಯದಾದರೆ ನೆಟ್ಟನೆಯ ಉಕ್ಕಿನ ಪಟ್ಟಿಯನ್ನು ಮುಖಕ್ಕಿಟ್ಟು ಸೊಟ್ಟಗಾಗಿಲ್ಲವೆಂದು ನೋಡಿಕೊಳ್ಳಲಿ.

ತುಕ್ಕುಹಿಡಿದ ಬೋಲ್ಟುಗಳಲ್ಲಿ ಆತುರ ಬೇಡ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು, ಬೆಳಿಗ್ಗೆ ಸ್ವಲ್ಪ ಬಿಗಿಮಾಡಿ ಸ್ವಲ್ಪ ಸಡಿಲಿಸುತ್ತ ಬಿಡಿಸಬೇಕು. ಮುರಿದರೆ ಹೆಡ್ಡನ್ನೇ ಇಳಿಸುವ ಪ್ರಸಂಗ ಬಂದೀತು. ಹೊಸ ಗ್ಯಾಸ್ಕೆಟ್ಟಿಟ್ಟು ಜೋಡಿಸಿದ ಮೇಲೆ ಎಂಜಿನ್ನನ್ನು ಒಮ್ಮೆ ಚೆನ್ನಾಗಿ ಕಾಯಿಸಿ, ಪೂರ್ತಿ ಆರಲು ಬಿಟ್ಟು, ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಮಾಡತಕ್ಕದ್ದು. ತಣ್ಣಗಿರುವಾಗ ಚಾಲೂ ಮಾಡಿ ಟಿಕ್ ಟಿಕ್ ಎಂಬ ಸದ್ದು ಕೇಳಿಸದಿದ್ದರೆ, ಮಗಳ ಶಾಲೆಯ ಚೀಲವನ್ನು ಮತ್ತೆ ಟ್ರಕ್ಕಿನಲ್ಲಿಡಬಹುದು.