ಜಗುಲಿಯ ನಾಣ್ಯ, ಗಂಟಿನ ವರಾಹ



2006ರಲ್ಲಿ ಭಾರತ ಸರ್ಕಾರವು ಮಹಾತ್ಮ ಬಸವೇಶ್ವರರ ಭಾವಚಿತ್ರವುಳ್ಳ 5 ರೂಪಾಯಿಯ ನಾಣ್ಯವನ್ನು ಹೊರತಂದುದು ನಿಮ್ಮಲ್ಲನೇಕರ ನೆನಪಿನಲ್ಲಿರಬಹುದು. ಚಿಲ್ಲರೆಯಲ್ಲಿ ಕೈಗೆ ಬಂದ ಆ ನಾಣ್ಯವನ್ನು ವೆಚ್ಚಮಾಡಲು ಮನಸ್ಸು ಬಾರದೆ ಪೂಜೆಯ ಜಗುಲಿಯ ಮೇಲಿರಿಸಿಕೊಂಡ ಮನೆಗಳು ನಮ್ಮಲ್ಲಿ ಬಹಳ. ಅಂಥ ಮನೆಯ ಗೃಹಸ್ಥರೊಬ್ಬರು ಇತ್ತೀಚೆಗೆ ನಮ್ಮಲ್ಲಿಗೆ ಬಂದು, "ಶಾಸ್ತ್ರಿಗಳೇ, ಇದಕ್ಕೆ ಎಂಟು ಲಕ್ಷ ಕೊಡುವುದಾಗಿ ಫೋನಿನಲ್ಲಿ ಹೇಳಿದರು. ನೋಂದಣಿಗೆಂದು ಎರಡು ಸಾವಿರ, ತೆರಿಗೆಗೆಂದು ಹದಿನೈದು ಸಾವಿರ ಕಳುಹಿಸಿದೆ. ಈಗ ಫೋನೇ ಎತ್ತುತ್ತಿಲ್ಲ" ಎಂದರು. ಕಳುಹಿಸಿದ್ದು ಮಗಳ ಕಾಲೇಜಿನ ಶುಲ್ಕಕ್ಕೆಂದು ಎತ್ತಿಟ್ಟ ಹಣ.

ಚಲಾವಣೆಗೆಂದೇ ಅಚ್ಚಾದ ನಾಣ್ಯಕ್ಕೆ ಲಕ್ಷಗಳ ಬೆಲೆ ಎಲ್ಲಿಂದ ಬರಬೇಕು? ಬಸವಣ್ಣನವರ ಮೇಲಣ ನಮ್ಮ ಭಕ್ತಿಗೆ ಬೆಲೆಯಿಲ್ಲ ನಿಜ. ಆ ಭಕ್ತಿಯನ್ನೇ ಬಂಡವಾಳ ಮಾಡಿಕೊಳ್ಳುವವರೂ ಇದ್ದಾರೆ. ಹಳೆಯ ನಾಣ್ಯ, ನೋಟುಗಳ ಮಾರಾಟಕ್ಕೆ ತಾನು ಯಾವ ಶುಲ್ಕವನ್ನಾಗಲಿ ದಲ್ಲಾಳಿಯನ್ನಾಗಲಿ ಕೇಳುವುದಿಲ್ಲ, ಯಾರಿಗೂ ಅಂಥ ಅಧಿಕಾರ ಕೊಟ್ಟಿಲ್ಲವೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಪ್ರಕಟಿಸಿದೆ. ಕೊಳ್ಳುವವನು ಹಣ ಕೊಡಬೇಕಾದವನು. ಮಾರುವವನಿಂದಲೇ ಮುಂಗಡ ಬೇಡುವವನು ಎಂಥ ವ್ಯಾಪಾರಿ!

ನಮ್ಮನ್ನು ಹೆಚ್ಚು ಕಳವಳಗೊಳಿಸಿದ್ದು ಅವರ ಮುಂದಿನ ಮಾತು. ನಷ್ಟ ತುಂಬಿಕೊಳ್ಳಲು ತಾಯಿಯವರ ಗಂಟಿನಲ್ಲಿದ್ದ ಚಿನ್ನದ ಬಿಲ್ಲೆಯೊಂದನ್ನು ಅಕ್ಕಸಾಲಿಗರಿಗೆ ಕರಗಿಸಲು ಕೊಡಹೊರಟಿದ್ದರು. ತರಿಸಿ ನೋಡಿದೆವು. ಕಿರುಬೆರಳಿನ ಉಗುರಿನಷ್ಟು ಅಗಲ, ಸುಮಾರು 3.4 ಗ್ರಾಂ ತೂಕ. ಒಂದು ಮೈಯಲ್ಲಿ ಜೊತೆಯಾಗಿ ಕುಳಿತ ಉಮಾಮಹೇಶ್ವರರು, ಇನ್ನೊಂದರಲ್ಲಿ ನಾಗರಿಯಲ್ಲಿ 'ಶ್ರೀ ಸದಾಶಿವ'. ಇದು ಇಕ್ಕೇರಿ ವರಾಹ! ಶಿವಾಚಾರಸಂಪನ್ನರಾದ ಕೆಳದಿಯ ನಾಯಕರ ನಾಣ್ಯ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯೂ ಈ ಶಿವಪಾರ್ವತಿಯರನ್ನು ಅಳಿಸಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಪಾರಸಿಯಲ್ಲಿ ಒತ್ತಿಸಿ ಅದೇ ವರಾಹವನ್ನು ನಡೆಸಿದನು. ಜನ ನಂಬಿದ ನಾಣ್ಯವನ್ನು ಬದಲಿಸುವುದು ಗೆದ್ದವನಿಗೂ ಸುಲಭವಲ್ಲ. ಮೂಸೆಗೆ ಬಿದ್ದರೆ ಇದೆಲ್ಲವೂ ಮೂರೂವರೆ ಗ್ರಾಂ ಚಿನ್ನ, ಅಷ್ಟೇ.

ಮಾರಲೇಬೇಕಾದವರು ಹಾಗೆಯೇ ಮಾರಲಿ, ಕರಗಿಸದಿರಲಿ. ನಾಣ್ಯಶಾಸ್ತ್ರ ಬಲ್ಲ ಇಬ್ಬರು ಮೂವರಲ್ಲಿ ತೋರಿಸಿ ಬೆಲೆ ತಿಳಿಯುವುದು ಲೇಸು. ನೂರು ವರ್ಷ ಮೀರಿದ ನಾಣ್ಯವು 1972ರ ಕಾಯಿದೆಯಂತೆ ಪುರಾವಸ್ತು. ಅಂಥವುಗಳ ವ್ಯಾಪಾರ ನಡೆಸುವವನಿಗೆ ಪರವಾನಗಿ ಬೇಕು, ಹೊರದೇಶಕ್ಕೆ ಒಯ್ಯುವಂತಿಲ್ಲ. ಪರದೇಶದಲ್ಲಿರುವ ಮಕ್ಕಳಿಗೆ ಅಜ್ಜಿಯ ನೆನಪಿಗೆಂದು ಕಳುಹಿಸುವವರು ಇದನ್ನು ಗಮನಿಸಬೇಕು. ಇನ್ನು ಹೊಲ ಉಳುವಾಗ ಸಿಕ್ಕಿದ್ದಾದರೆ ಅದು ನಿಧಿ, ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು.

ಕೊಳ್ಳುವ ಹವ್ಯಾಸವುಳ್ಳ ತರುಣರಿಗೆ ಒಂದು ಮಾತು. ಹಿಂದೆ ನಾಣ್ಯಗಳನ್ನು ಕೈಯಿಂದ ಸುತ್ತಿಗೆಯೇಟು ಕೊಟ್ಟು ಅಚ್ಚೊತ್ತುತ್ತಿದ್ದರು. ಆದುದರಿಂದ ಎರಡು ವರಾಹಗಳು ಕೂದಲೆಳೆಯೂ ತಪ್ಪದಂತೆ ಒಂದೇ ರೀತಿ ಇರಲಾರವು. ಒಂದೇ ಕಡೆಗೆ ವಾಲಿದ ಅಚ್ಚು, ಒಂದೇ ಜಾಗದಲ್ಲಿ ಒಂದೇ ಕಚ್ಚು ಎರಡರಲ್ಲಿಯೂ ಕಂಡರೆ ಅವು ಒಂದೇ ಎರಕದ ಮಕ್ಕಳೆಂದು ತಿಳಿಯಿರಿ. ಅಂಚಿನಲ್ಲಿ ಬೆಸುಗೆಯಂಥ ಗೆರೆ, ಮೈಮೇಲೆ ಸೂಜಿಮೊನೆಯ ಗುಳಿಗಳಿದ್ದರೂ ಸಂದೇಹಪಡಬೇಕು. ರಸೀದಿ ಕೊಡಲೊಲ್ಲದವನಲ್ಲಿ ಕೊಳ್ಳಬೇಡಿ.

ನಾಣ್ಯವನ್ನು ಉಜ್ಜುವ ಚಟದ ಬಗ್ಗೆ ನಮಗೆ ಮಾತನಾಡುವ ಅಧಿಕಾರವಿದೆ. ಆ ತಪ್ಪನ್ನು ನಾವೇ ಮಾಡಿದ್ದೇವೆ. ಮಠದ ಪಾಠಶಾಲೆಯಲ್ಲಿದ್ದಾಗ, ಉತ್ಸವದ ಹಿಂದಿನ ದಿನ ಕಾಣಿಕೆಯ ಡಬ್ಬಿಯಲ್ಲಿದ್ದ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಗಳನ್ನು ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿ ಥಳಥಳಿಸುವಂತೆ ಮಾಡಿ ಗುರುಗಳ ಮುಂದಿಟ್ಟೆವು. ಅವರು ಒಂದನ್ನು ಬೆಳಕಿಗೆ ಹಿಡಿದು, "ಮೂಗು ಎಲ್ಲಿ ಹೋಯಿತಪ್ಪಾ?" ಎಂದರು. ಹೊಳಪಿನೊಡನೆ ರಾಣಿಯ ಮೂಗೂ ಜಡೆಯ ಎಳೆಗಳೂ ಸವೆದುಹೋಗಿದ್ದವು. ಬೆಳ್ಳಿಯ ಮೇಲಣ ಕಪ್ಪು, ತಾಮ್ರದ ಮೇಲಣ ಕಂದು ಕೊಳೆಯಲ್ಲ. ಬಲ್ಲವರು ಅದಕ್ಕೇ ಹೆಚ್ಚು ಬೆಲೆ ಕಟ್ಟುತ್ತಾರೆ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ. ಮೆತ್ತನೆಯ ಅಗ್ಗದ ಪ್ಲಾಸ್ಟಿಕ್ ಚೀಲ ಬೇಡ, ಕಾಲಕ್ರಮದಲ್ಲಿ ಹಸಿರು ಅಂಟು ಬಿಡುತ್ತದೆ. ರಬ್ಬರ್ ಬ್ಯಾಂಡಿನಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಒಂದೊಂದಕ್ಕೂ ಒಂದೊಂದು ಕಾಗದದ ಲಕೋಟೆ, ಅದರ ಮೇಲೆ ತೂಕ, ಬಂದ ಬಗೆ, ವರ್ಷ. ಮಲೆನಾಡಿನ ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾದ ಪೊಟ್ಟಣವೂ ಪೆಟ್ಟಿಗೆಯಲ್ಲಿರಲಿ.

ಆ ಗೃಹಸ್ಥರಿಂದ 1930 ಸಂಖ್ಯೆಗೆ ದೂರು ಕೊಡಿಸಿದೆವು. ಹಣ ಇನ್ನೂ ಮರಳಿಲ್ಲ. ಶುಲ್ಕವನ್ನು ಹುಡುಗಿಯ ಸೋದರಮಾವ ಕಟ್ಟಿದರಂತೆ. ವರಾಹವನ್ನಿರಿಸಿದ ಲಕೋಟೆಯ ಮೇಲೆ ಆ ಹುಡುಗಿಯೇ ದುಂಡಗಿನ ಅಕ್ಷರದಲ್ಲಿ 'ಅಜ್ಜಿಗೆ ಅವರ ಅತ್ತೆ ಕೊಟ್ಟಿದ್ದು' ಎಂದು ಬರೆದಿಟ್ಟಿದ್ದಾಳೆ.